ಕಡೀಕ ಏನಾತು ತಿಳಸ್ರಿ

ಕೊನೆಯ ಸಾದಾ ದಿನ, ಸುಡು ಸುಡು ಮಧ್ಯಾಹ್ನ, ನಮ್ಮ ಮನೆಯವರು ಮಾಳಿಗೆಯ ಮೇಲೆ ನಿಂತು ನಾನು ಎಷ್ಟು ಬೆವರಿದ್ದೇನೆ ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸುತ್ತಿದ್ದರು.

“ಬಿಳೀ ಕಡೆ ಕುಂತೀಯೋ, ಕರೀ ಕಡೆ ಕುಂತೀಯೋ?”

“ಒಲೀ ಮುಂದ ಕುಂತೀನಿ,” ಅಂದೆ.

“ಅದು ಲೆಕ್ಕಕ್ಕ ಬರಂಗಿಲ್ಲ. ಎದ್ದು ಬಿಳೀ ಕಡೆ ಬಾ.”

ವಿಷಯ ಇಷ್ಟು. ಎಂಜಿನಿಯರಿಂಗ್ ಓದುವ ಹುಡುಗರು ಕೆಲವರು ಬೆಟಗೇರಿಯ ನಮ್ಮ ಓಣಿಗೆ ಬಂದು, ಬಿಸಿಲಿಗೆ ಮನೆ ಎಷ್ಟು ಕಾಯುತ್ತದೆ ಎಂದು ಸಂಶೋಧನೆ ಮಾಡಬೇಕು, ಯಾರಾದರೂ ಮಾಳಿಗೆ ಕೊಡುತ್ತೀರಾ ಎಂದು ಕೇಳಿದ್ದರು. ಯಾರೂ ಕೊಡಲಿಲ್ಲ. ನಮ್ಮವರು ಕೊಟ್ಟರು. ಹುಡುಗರು ಅರ್ಧ ಮಾಳಿಗೆಗೆ ಬಿಳಿ ಬಣ್ಣ ಬಳಿದು, ಇನ್ನರ್ಧ ಇದ್ದ ಹಾಗೇ ಬಿಟ್ಟು, ಕೆಳಗಿನ ಎರಡೂ ಕೋಣೆಗಳಲ್ಲಿ ಒಂದೊಂದು ಪುಟ್ಟ ಡಬ್ಬಿ ತೂಗುಹಾಕಿ ಹೋದರು. ಶಾಖವನ್ನು ಡಬ್ಬಿ ತಾನೇ ಅಳೆದುಕೊಳ್ಳುತ್ತದೆ, ನೀವು ಮುಟ್ಟಬೇಡಿ ಎಂದಷ್ಟೇ ಹೇಳಿದ್ದರು. ಬೆವರಿನ ವಿಷಯ ಅವರು ಎತ್ತಿರಲೇ ಇಲ್ಲ. ಅದು ನಮ್ಮವರ ಸ್ವಂತ ಕೊಡುಗೆ.

“ಡಬ್ಬಿಗೆ ಬೆವರು ಬರತೈತೇನು? ಬರಂಗಿಲ್ಲ. ಅದಕ್ಕ ನೀ ಬೇಕು,” ಎನ್ನುತ್ತಿದ್ದರು.

ಆ ದಿನ ನಾನು ಒಲೆಯ ಮುಂದಿನಿಂದ ಏಳಲಿಲ್ಲ. ಅವರೇ ಕೆಳಗಿಳಿದು ಬಂದು ರೊಟ್ಟಿ, ಪುಂಡಿಪಲ್ಯೆ ಉಂಡು, ನಾಳೆ ಮುಂಡರಗಿಗೆ ಹೋಗಿಬರುತ್ತೇನೆ ಎಂದರು. ಹೂಂ ಅಂದೆ. ಇಷ್ಟೇ. ಅದರ ನಂತರದ ದಿನಗಳು ಯಾವುವೂ ಸಾದಾ ದಿನಗಳಲ್ಲ.

ನಮ್ಮವರ ಬಗ್ಗೆ ನಾನು ಹೇಳುವುದನ್ನು ನೀವು ನಂಬಲಿಕ್ಕಿಲ್ಲ. ವಿಶ್ವವಿದ್ಯಾಲಯದ ಗೇಟು ದಾಟಿದವರಲ್ಲ. ಓದಿದ್ದು ಮೆಟ್ರಿಕ್‌ವರೆಗೆ, ನನ್ನದೂ ಅಷ್ಟೇ. ಬಾಳೆಲ್ಲ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಆದರೂ ವಿಶ್ವವಿದ್ಯಾಲಯಗಳು ಅವರನ್ನು ಬಿಟ್ಟು ಮುಂದೆ ಹೋಗಲಿಲ್ಲ. ವಿಜ್ಞಾನಕ್ಕೆ ನೀರು ಕೊಟ್ಟರು, ಎಂಜಿನಿಯರಿಂಗಿಗೆ ಮಾಳಿಗೆ ಕೊಟ್ಟರು, ಕಾನೂನಿಗೆ ನನ್ನನ್ನು ಕೊಟ್ಟರು! ಬೇರೆಯವರ ಗಂಡಂದಿರಿಗೆ ಇಸ್ಪೀಟಿನ ಚಟ ಇರುತ್ತದೆ, ಎಲೆ ಅಡಿಕೆಯ ಚಟ ಇರುತ್ತದೆ. ನಮ್ಮವರಿಗೆ ಸಂಶೋಧನೆಯ ಚಟ. ಅದೂ ಮಾಡುವ ಚಟವಲ್ಲ, ಮಾಡಿಸಿಕೊಳ್ಳುವ ಚಟ. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ ಹಿಡಿದು ಯಾರಾದರೂ ಓಣಿಯಲ್ಲಿ ಕಂಡರೆ ಸಾಕು, ಒಳಗೆ ಕರೆತಂದು ಕೂರಿಸಿಬಿಡುತ್ತಿದ್ದರು. ಒಮ್ಮೆ ಹೀಗೆ ಕೂರಿಸಿ ಚಹಾ ಕುಡಿಸಿದ ಮೇಲೆ ತಿಳಿಯಿತು, ಬಂದವನು ಲೈಟ್ ಬಿಲ್ಲಿನವನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಟ್ಟೇನಿಲ್ಲ. ನಮ್ಮ ಮನೆತನದಲ್ಲಿ ಗಂಡನ ಹೆಸರನ್ನು ಹೆಂಡತಿ ಹಿಡಿಯುವುದಿಲ್ಲ, ಹೆಂಡತಿಯ ಹೆಸರನ್ನು ಗಂಡ ಹಿಡಿಯುವುದಿಲ್ಲ. ಹಿಡಿದರೆ ಹಿಡಿಸಿಕೊಂಡವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮದುವೆಯಾಗಿ ಮೊದಲ ಸಲ ಮನೆ ಹೊಕ್ಕುವಾಗ ಮಾತ್ರ ಅದಕ್ಕೆ ವಿನಾಯಿತಿ. ಗಂಡಿನ ತಂಗಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದು ಸತಾಯಿಸುತ್ತಾರೆ. ನಾನು ತವರಾದ ಯಳವತ್ತಿಯಿಂದಲೇ ಎರಡು ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಡುಗುವ ದನಿಯಲ್ಲಿ ಹೇಳಿಬಿಟ್ಟೆ. ಅವರ ಸರದಿ ಬಂತು.

“ಹೇಳಣ್ಣಾ, ನಮ್ಮ ವೈನಿ ಹೆಸರೇನು?” ಎಂದು ನಾದಿನಿಯರು ಕೇಳಿದರು.

ನಮ್ಮವರು ಆಗಷ್ಟೇ ನೌಕರಿಗೆ ಸೇರಿದ್ದವರು. ಗಂಟಲು ಸರಿಮಾಡಿಕೊಂಡು, “ಬಾಗಲಾಗ ನಿಲ್ಲಬ್ಯಾಡ್ರಿ, ಒಳಗ ಸರೀರಿ ಒಳಗ, ಹಿಂದ ಜಾಗಾ ಐತಿ,” ಎಂದು ಕೂಗಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವ ಭರದಲ್ಲಿ ದಾರಿ ಬಿಟ್ಟರು. ನನ್ನ ಹೆಸರು ಹೊಸ್ತಿಲಿನ ಹೊರಗೇ ಉಳಿಯಿತು.

ಹಾಗಾದರೆ ಮನೆಯಲ್ಲಿ ನನ್ನನ್ನು ಹೇಗೆ ಕರೆಯುತ್ತಿದ್ದರು ಎಂದು ಕೇಳುತ್ತೀರಾ? ಬಸ್ಸನ್ನು ಕರೆದ ಹಾಗೆ! ಕೈಯ ಉಂಗುರದಿಂದ ಅಡುಗೆಮನೆಯ ಬಾಗಿಲಿಗೆ ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಚಹಾ. ನಾನು ಎಲ್ಲಿಗಾದರೂ ಹೊರಟಿದ್ದರೆ ‘ಹೋಲ್ಡಾನ್’, ಹೋಗಬಹುದು ಎಂದರೆ ‘ರೈಟ್’. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕೂಸನ್ನು ನೋಡಿ, ನನ್ನನ್ನು ನೋಡಿ, ಏನು ಹೇಳಬೇಕೆಂದು ತಿಳಿಯದೆ ‘ರೈಟ್’ ಎಂದು ಹೊರಗೆ ಹೋದವರು ಅವರು.

ಚಟ ಹತ್ತಿದ್ದು ಬಸ್ಸಿನಲ್ಲೇ. ಆಗ ಅವರಿಗೆ ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೋಗುವ ಬಸ್ಸು. ವಿಜ್ಞಾನ ಓದುವ ಹುಡುಗಿಯೊಬ್ಬಳು ಅಲ್ಲಿಯ ಹೊಳೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ವಾರಕ್ಕೊಮ್ಮೆ ಗದಗಿಗೆ ಒಯ್ಯುತ್ತಿದ್ದಳು. ನೀರಿನಲ್ಲಿ ಏನೇನಿದೆ ಎಂಬುದು ಅವಳ ಸಂಶೋಧನೆ. ಬಿಸಿಲಲ್ಲಿ ನೀನು ಯಾಕೆ ಅಲೆಯುತ್ತೀಯಮ್ಮ, ನಾನೇ ತರುತ್ತೇನೆ ಎಂದು ನಮ್ಮವರು ಮುಂದೆ ಬಂದರು. ಅಂದಿನಿಂದ ಅವರ ಸೀಟಿನ ಕೆಳಗೆ, ಒದ್ದೆ ಬಟ್ಟೆ ಸುತ್ತಿದ ಬಾಟಲಿ ಕೂತು ಪ್ರಯಾಣ ಮಾಡತೊಡಗಿತು. ಅದಕ್ಕೆ ಟಿಕೆಟ್ ತೆಗೆಯಲಿಲ್ಲ ಎನ್ನುವುದೊಂದೇ ಭಾಗ್ಯ.

ಒಂದು ದಿನ ಮಿರ್ಚಿ ತಿಂದು ಬಸ್ಸು ಹತ್ತಿದ ಅಜ್ಜನೊಬ್ಬ ಖಾರ ತಡೆಯಲಾರದೆ ಆ ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟ. ನಮ್ಮವರು ಟಿಕೆಟ್ ಕೊಟ್ಟು ಹಿಂದಿನಿಂದ ಬರುವಷ್ಟರಲ್ಲಿ ಬಾಟಲಿ ಖಾಲಿ.

“ಅಜ್ಜಾ, ಅದು ವಿಶ್ವವಿದ್ಯಾಲಯದ ನೀರು.”

“ಕುಡಿಯೂಕ್ಕಿಂತ ಮೊದಲ ಹೇಳಬೇಕಿಲ್ಲೋ ಕಂಡಕ್ಟರಾ. ನಾ ಹೊಳೀ ನೀರು ಅಂತ ಕುಡದೆ.”

“ಹೊಳೀದ ಐತಿ.”

“ಮತ್ತ ಅದರಾಗ ಹುಡುಕೂದೇನೈತಿ?”

“ಅದನ್ನ ಅವರು ಇನ್ನಾ ಹೇಳಿಲ್ಲ.”

ಅಜ್ಜ ದಂಬಳದಲ್ಲಿ ಇಳಿದುಹೋದ. ಬೇರೆ ಯಾರಾದರೂ ಆಗಿದ್ದರೆ ಮುಂದಿನ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡು ಸುಮ್ಮನಾಗುತ್ತಿದ್ದರು. ನಮ್ಮವರು ಗದಗ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯ ಕೈಗೆ ಖಾಲಿ ಬಾಟಲಿ ಕೊಟ್ಟು, “ಈ ವಾರದ ನೀರು ದಂಬಳದ ಅಜ್ಜನ ಹೊಟ್ಯಾಗ ಐತಿ. ಬೇಕಂದ್ರ ವಿಳಾಸ ಕೊಡ್ತೀನವಾ,” ಎಂದರಂತೆ.

ಅವರಿಗೆ ಬೇಕಾಗಿದ್ದು ಹಣವಲ್ಲ, ಪೇಪರಿನಲ್ಲಿ ಹೆಸರೂ ಅಲ್ಲ. ಬೇಕಾಗಿದ್ದು ಒಂದೇ: ಫಲಿತಾಂಶ. ಬಂದವರನ್ನು ಬೀಳ್ಕೊಡುವಾಗಲೆಲ್ಲ ಒಂದು ಮಾತು ತಪ್ಪದೆ ಹೇಳುತ್ತಿದ್ದರು, “ಕಡೀಕ ಏನಾತು ತಿಳಸ್ರಿ.” ಎಲ್ಲರೂ ಹೂಂ ರೀ ಎಂದು ಹೋಗುತ್ತಿದ್ದರು. ಯಾರೂ ತಿಳಿಸಲಿಲ್ಲ. ನೀರಿನ ಹುಡುಗಿ ಓದು ಮುಗಿಸಿ, ಮದುವೆಯಾಗಿ, ಮುಂಡರಗಿಯ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಳು. ಆ ನೀರಿನಲ್ಲಿ ಏನಿತ್ತು ಎಂಬುದು ನಮ್ಮ ಮನೆಗೆ ಬರಲಿಲ್ಲ.

“ಅವರಿಗೆ ಮಾರ್ಕ್ಸ್ ಬಂದೂ ಆತು, ನೌಕರಿ ಸಿಕ್ಕೂ ಆತು. ನಿಮ್ಮ ನೆಪ್ಪ ಎಲ್ಲಿರತೈತ್ರಿ?” ಎಂದು ನಾನು ಕೇಳಿದರೆ, “ಸಂಶೋಧನ ಅಂದ್ರ ರೊಟ್ಟಿ ಬಡದಂಗಲ್ಲ, ಜಲ್ದಿ ಆಗಂಗಿಲ್ಲ,” ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ರೊಟ್ಟಿ ಬಡಿಯುವುದು ಜಲ್ದಿ ಆಗುತ್ತದೆ ಎಂದು ಅವರಿಗೆ ಯಾರು ಹೇಳಿದರೋ!

ಇನ್ನು ಕಾನೂನಿನ ಕಥೆ. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಹಾಲಿಲ್ಲದೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ಲಕ್ಷ್ಮೇಶ್ವರದ ಕಡೆಯವಳು, ಕಾನೂನು ಓದುತ್ತಿದ್ದಾಳೆ. ಮನೆಗಳಲ್ಲಿ ಗಂಡ ಹೆಂಡಿರ ವ್ಯಾಜ್ಯ ಹೇಗೆ ಬಗೆಹರಿಯುತ್ತದೆ, ಮನೆ ಯಾರ ಹೆಸರಿನಲ್ಲಿದೆ, ಹೆಣ್ಣುಮಕ್ಕಳಿಗೆ ತಮ್ಮ ಹಕ್ಕು ಎಷ್ಟು ಗೊತ್ತಿದೆ ಎಂದು ಮನೆ ಮನೆ ಕೇಳುತ್ತ ಬಂದಿದ್ದಳು. ಓಣಿಯಲ್ಲಿ ಎಲ್ಲರೂ ನಮ್ಮಲ್ಲಿ ವ್ಯಾಜ್ಯವೇ ಇಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರಂತೆ.

“ನಮ್ಮಲ್ಲಿ ಬೇಕಾದಷ್ಟು ಐತಿ, ಬರೀವಾ,” ಎಂದು ನಮ್ಮವರು ಚಾಪೆ ಹಾಸಿದರು.

ಹಾಲಿಲ್ಲದ ಚಹಾ ಮಾಡಿ ತಂದಿಟ್ಟೆ. ಅದೇ ಮೊದಲ ವ್ಯಾಜ್ಯವಾಗಿ ದಾಖಲಾಯಿತು. ಆಮೇಲೆ ಹುಡುಗಿ ನನ್ನನ್ನು ಕೇಳಿದಳು, “ನಿಮ್ಮ ಯಜಮಾನ್ರ ಹೆಸರೇನ್ರಿ?”

ನಾನು ಅವರ ಕಡೆ ನೋಡಿದೆ. ಅವರೇ ತಮ್ಮ ಹೆಸರು ಹೇಳಿದರು.

“ನಿಮ್ಮ ಹೆಂಡ್ತಿಯವರ ಹೆಸರು, ಕಾಕಾ?”

ಅವರು ನನ್ನ ಕಡೆ ನೋಡಿದರು. “ಅಕಿನ್ನ ಕೇಳವಾ.”

ಹುಡುಗಿಗೆ ನಗು. “ಹೆಸರು ಹಿಡದ್ರ ಏನಾಗತೈತ್ರಿ ಕಾಕಾ?”

ನಮ್ಮವರು ಹೇಳಿದರು, “ಏನಾಗತೈತಿ ಅಂತ ಇನ್ನಾ ಯಾರೂ ಸಂಶೋಧನ ಮಾಡಿಲ್ಲವಾ. ಅದಕ್ಕ ಅಂಜಿಕಿ.”

ಅಂದು ಒಂದು ಸಂಗತಿ ಹೊರಬಿತ್ತು. ಮನೆಯ ಕಾಗದಪತ್ರದಲ್ಲಿ ಅವರ ಹೆಸರಿನ ಜೊತೆಗೆ ನನ್ನ ಹೆಸರನ್ನೂ ಅವರು ಯಾವಾಗಲೋ ಹಾಕಿಸಿದ್ದರು. ಅಲ್ಲಿ ನಾನೇ ಸಹಿ ಮಾಡಿದ್ದೆ. ಯಾವುದಕ್ಕೆ ಎಂದು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹಾಗಾದರೆ ಬರೆಸಲು ಅಡ್ಡಿಯಿಲ್ಲ, ಬಾಯಿಂದ ಆಡಲು ಮಾತ್ರ ಅಡ್ಡಿ! ಹುಡುಗಿ ಖುಷಿಯಿಂದ ಬರೆದುಕೊಂಡು ಹೋದಳು. ಬಾಗಿಲಲ್ಲಿ ಅವಳಿಗೂ ಆ ಮಾತು ತಪ್ಪಲಿಲ್ಲ, “ಕಡೀಕ ಏನಾತು ತಿಳಸವಾ.”

ಆಮೇಲೆ ಬಂದದ್ದು ದನಿಯ ಸಂಶೋಧನೆ. ನಮ್ಮ ಕಡೆಯ ಮಾತು ಯಂತ್ರಕ್ಕೆ ತಿಳಿಯುವುದಿಲ್ಲವಂತೆ. ‘ಐತಿ’ ಅಂದರೆ ತಬ್ಬಿಬ್ಬಾಗುತ್ತದಂತೆ. ಅದಕ್ಕೆ ಕಲಿಸಲು ಈ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಣ ಮಾಡುತ್ತೇವೆ ಎಂದು ವಿಶ್ವವಿದ್ಯಾಲಯದ ಒಂದು ತಂಡ ಶಿರಹಟ್ಟಿಯ ಶಾಲೆಯಲ್ಲಿ ಇಳಿದಿತ್ತು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡರು.

“ದನಿ ತಗೊಳ್ಳಾಕ ತಲಿ ಯಾಕ ಬಾಚಬೇಕ್ರಿ?”

“ದನಿ ತಲಿಯಿಂದನ ಬರತೈತಿ.”

ಸಂಜೆ ಮರಳಿ ಬಂದರು. ಸುಮ್ಮನೆ ಕೂತರು. ಇಂಥ ದಿನಗಳಲ್ಲಿ ಅವರ ಬಾಯಿ ನಿಲ್ಲುವುದೇ ಇಲ್ಲ, ಅಂದು ನಿಂತಿತ್ತು. ಏನಾಯಿತು ಎಂದು ಕೇಳಿದೆ.

“ಇವತ್ತ ಒಂದು ಪ್ರಯೋಗ ಮಾಡಿ ಬಂದೆ.”

“ಏನ್ ಪ್ರಯೋಗ?”

“ಪೂರ್ತಿ ಆಗಿಲ್ಲ. ಆದ ಮ್ಯಾಲೆ ಹೇಳ್ತೀನಿ.”

ನಾನು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು ಉಂಗುರದಿಂದ ಬಡಿದರು. ಒಂದು, ಎರಡು, ಮೂರು. ನಾನು ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದೆ.

“ಒಂದಕ್ಕ ನೀರು, ಎರಡಕ್ಕ ಚಾ. ಮೂರಕ್ಕ ಏನ್ರಿ?”

ಅವರು ಬಾಯಿ ತೆರೆದರು. ತೆರೆದದ್ದನ್ನು ಹಾಗೇ ಮುಚ್ಚಿದರು. “ಏನಿಲ್ಲ. ರೈಟ್,” ಎಂದು ಹೊರಟುಹೋದರು.

ಅದಾದ ಮೇಲೆ ಮಾಳಿಗೆಯ ಹುಡುಗರು ಬಂದರು, ಬೆವರು ಬಂತು, ಆ ಕೊನೆಯ ಸಾದಾ ದಿನ ಬಂತು.

ಮರುದಿನ ಮುಂಡರಗಿಗೆ ಹೋಗಿ ನೀರಿನ ಹುಡುಗಿಯನ್ನು ಕಾಲೇಜಿನಲ್ಲಿ ಕಾಣಲು ಕೂತಿದ್ದರಂತೆ. ಅವಳು ರಜೆಯ ಮೇಲಿದ್ದಳು. ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ದಂಬಳ ಬಂದಾಗ ಮಾತಾಡಿದ್ದರು, ಅಜ್ಜನ ಕಥೆಯನ್ನು ಪಕ್ಕದವರಿಗೆ ಹೇಳಿ ನಗಿಸಿದ್ದರು. ಗದಗ ಬಂತು. ಎಲ್ಲರೂ ಇಳಿದರು. ಇವರು ಇಳಿಯಲಿಲ್ಲ. ಇವರ ಕೈಕೆಳಗೆ ಕೆಲಸ ಕಲಿತ ಕಂಡಕ್ಟರ್ ಹತ್ತಿರ ಬಂದು, ಮಲಗಿದ್ದಾರೆ ಎಂದುಕೊಂಡು, ಕಂಬಿಗೆ ಬಡಿದು, “ಸಾಹೇಬ್ರ, ಗದಗ ಬಂತ್ರಿ, ಇಳೀರಿ,” ಎಂದನಂತೆ. ಮತ್ತೆ ಬಡಿದನಂತೆ. ಇದನ್ನು ನನಗೆ ಹೇಳುವಾಗ ಅವನು ನಿಂತಲ್ಲೇ ಕುಸಿದು ಕೂತ. ಅವನಿಗೆ ನೀರು ಕೊಟ್ಟವಳು ನಾನು.

ಹೃದಯ ನಿಂತಿತ್ತು ಎಂದರು ಡಾಕ್ಟರು. ಬಾಳೆಲ್ಲ ಕೊನೆಯ ಸ್ಟಾಪಿನಲ್ಲಿ ಮಂದಿಯನ್ನು ಎಬ್ಬಿಸಿ ಇಳಿಸಿದವರು, ತಾವು ಏಳಲಿಲ್ಲ.

ದಿನಗಳು ಉರುಳಿದ ಮೇಲೆ ಮಾಳಿಗೆಯ ಹುಡುಗರು ಡಬ್ಬಿಗಳನ್ನು ಬಿಚ್ಚಿಕೊಂಡು ಹೋಗಲು ಬಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿ ಬಾಗಿಲಲ್ಲೇ ನಿಂತರು. ನಾನೇ ಒಳಗೆ ಕರೆದು, “ಬಿಳೀ ಕಡೆ ಬೆವರು ಕಡಿಮಿ ಬರತೈತ್ರಿ, ಬರಕೊಳ್ರಿ,” ಎಂದೆ. ಒಬ್ಬ ಹುಡುಗ ನಿಜವಾಗಿಯೂ ಬರೆದುಕೊಂಡ. ಅವನು ಒಳ್ಳೆಯ ಹುಡುಗ.

ಆಮೇಲೆ ಒಂದು ಮಧ್ಯಾಹ್ನ ಅವರ ಫೋನು ರಿಂಗಾಯಿತು. ಆ ಫೋನನ್ನು ನಾನು ಚಾರ್ಜು ಮಾಡುತ್ತಲೇ ಇದ್ದೆ, ಯಾಕೆ ಎಂದು ಕೇಳಬೇಡಿ. ದನಿಯ ತಂಡದ ಹುಡುಗಿ. ಎರಡನೆಯ ಸಲದ ಧ್ವನಿಮುದ್ರಣಕ್ಕೆ ಅವರನ್ನು ಕರೆಯಲು ಮಾಡಿದ್ದಳು. ಅವರಿಲ್ಲ ಎಂದು ಹೇಳಿದೆ. ಅವಳು ಮೆಲ್ಲಗೆ ನನ್ನ ಹೆಸರು ಹಿಡಿದು, ಅವರು ನೀವೇ ಏನ್ರಿ ಅಮ್ಮಾ ಎಂದು ಕೇಳಿದಳು.

“ನನ್ನ ಹೆಸರು ನಿನಗ ಹೆಂಗ ಗೊತ್ತವಾ?”

“ಸರ್ ಹೇಳಿದ್ರಿ ಅಮ್ಮಾ. ರೆಕಾರ್ಡಿಂಗ್‌ನಾಗ ನಿಮ್ಮ ವಿಷಯನ ಮಾತಾಡಿದ್ರು. ನಿಮ್ಮ ಹೆಸರು ಹೇಳಿ, ಭಾಳ ಹೊತ್ತು ನಕ್ರು.”

ಅವರ ದನಿ ನಮ್ಮಲ್ಲಿಲ್ಲ ಎಂದಲ್ಲ. ಮಗಳ ಮದುವೆಯ ವಿಡಿಯೋದಲ್ಲಿದೆ, ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋದಲ್ಲಿದೆ. ಎಲ್ಲದರಲ್ಲೂ ಹೋಲ್ಡಾನ್, ರೈಟ್, ಒಳಗ ಸರೀರಿ. ನನ್ನ ಹೆಸರು ಆ ಬಾಯಿಂದ ಬಂದದ್ದು ಇಡೀ ಲೋಕದಲ್ಲಿ ಒಂದೇ ಕಡೆ, ಶಿರಹಟ್ಟಿಯ ಶಾಲೆಯಲ್ಲಿ, ಯಂತ್ರಕ್ಕೆ ಮಾತು ಕಲಿಸುವುದಕ್ಕೆ! ನನಗದು ಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ. ಹಾಗೆಂದು ಆ ಹುಡುಗಿಗೆ ಹೇಳಿದೆ.

ಅವಳು ತನ್ನ ಮೇಲಿನವರನ್ನು ಕೇಳಿದಳು. ಅವರು ಇನ್ನೂ ಮೇಲಿನವರನ್ನು ಕೇಳಿದರು. ನಾನು ಹೆಂಡತಿ ಹೌದು ಎಂಬುದಕ್ಕೆ ಕಾಗದ ಕೇಳಿದರು, ಕೊಟ್ಟೆ. ಕಡೆಗೆ ಒಪ್ಪಿಗೆ ಸಿಕ್ಕಿ, ಹುಡುಗಿ ತಾನೇ ಬೆಟಗೇರಿಗೆ ಬಂದಳು. ಹುಲಕೋಟಿಗೆ ಕೊಟ್ಟ ಮಗಳೂ ಬಂದಿದ್ದಳು. ಚಹಾ ಮುಟ್ಟದೆ ಹುಡುಗಿ ಹೇಳಿದಳು:

“ಒಂದು ಮಾತು ಮೊದಲ ಹೇಳಬೇಕ್ರಿ ಅಮ್ಮಾ. ಯಾರ ಗುರುತೂ ಹತ್ತಬಾರದು ಅಂತ ಕಾನೂನೈತಿ. ಯಾರದರ ಹೆಸರು ಬಂದ್ರ ಅಷ್ಟು ಜಾಗಾ ಅಳಿಸಿಬಿಡ್ತೀವ್ರಿ. ಅಳಿಸಿದ ಮ್ಯಾಲೆ ಮೊದಲಿಂದು ಇಟಗೊಳ್ಳಂಗಿಲ್ಲ. ನಾ ಎಲ್ಲಾ ಕಡೆ ಹುಡುಕಿದ್ನಿ.”

ಕಾನೂನು ಓದಿದ ಆ ಲಕ್ಷ್ಮೇಶ್ವರದ ಹುಡುಗಿಗೆ ಅಲ್ಲೇ ಮಗಳಿಂದ ಫೋನು ಹಚ್ಚಿಸಿದೆ. ಈಗ ಅವಳು ವಕೀಲೆ. ನಡೆದದ್ದನ್ನೆಲ್ಲ ಹೇಳಿ ಕೇಳಿದೆ:

“ಹೆಸರು ನಂದು. ಹೇಳಿದವರು ನನ್ನ ಗಂಡ. ಅಳಿಸಿದ್ದು ಯಾಕವಾ?”

“ನಿಮ್ಮ ರಕ್ಷಣೆಗಂತ್ರಿ ಅಮ್ಮಾ.”

“ಯಾರಿಂದ ರಕ್ಷಣೆ? ಅವರಿಂದನೋ?”

“ಈ ಪ್ರಶ್ನಿ ನನ್ನ ಫಾರ್ಮಿನಾಗ ಇರಲಿಲ್ರಿ,” ಎಂದಳು ವಕೀಲ ಹುಡುಗಿ. ಅವಳ ದನಿ ಒದ್ದೆಯಾಗಿತ್ತು. ಕಾನೂನು ಕೆಟ್ಟದ್ದಲ್ಲ ಎಂದು ನನಗೂ ಗೊತ್ತು. ಎಷ್ಟೋ ಹೆಣ್ಣುಮಕ್ಕಳ ಹೆಸರು ಹೊರಗೆ ಬಾರದಂತೆ ಅದು ಕಾಯುತ್ತದೆ. ನನ್ನದನ್ನೂ ಕಾಯಿತು.

ದನಿಯ ತಂಡದ ಹುಡುಗಿ ತಂದಿದ್ದ ಧ್ವನಿಮುದ್ರಣವನ್ನು ಮಗಳು ಫೋನಿನಲ್ಲಿ ಹಚ್ಚಿ ನನ್ನ ಕಿವಿಗೆ ಹಿಡಿದಳು. ಮೊದಲು ಗಂಟಲು ಸರಿಮಾಡಿಕೊಂಡರು. ಆಮೇಲೆ ಅವರ ಮಾತು:

“ಲಗ್ನಾಗಿ ಮನೀ ಹೊಕ್ಕೂಮುಂದ ತಂಗ್ಯಾರು ಬಾಗಲಾಗ ನಿಂತು ಅಕಿ ಹೆಸರು ಹೇಳು ಅಂದ್ರು. ನಾ ಹೇಳಲಿಲ್ಲ, ನಗಿಸಿ ತಪ್ಪಿಸಿಕೊಂಡೆ. ಎಲ್ಲಾರೂ ನಕ್ರು, ಅಕಿ ಮಾರಿ ಮಾತ್ರ ಸಣ್ಣದಾತು. ನಾ ನೋಡೀನ್ರಿ. ಇಷ್ಟು ವರ್ಷಾದ್ರೂ ಅದು ನನ್ನ ತಲ್ಯಾಗಿಂದ ಹೋಗಿಲ್ಲ. ಇವತ್ತ ಇಲ್ಲಿ ನಮ್ಮವರು ಯಾರೂ ಇಲ್ಲ, ಹೇಳಿ ನೋಡ್ತೀನಿ. ಅಕಿ ಹೆಸರು…”

ಇಲ್ಲಿ ಏನೂ ಇಲ್ಲ. ಫ್ಯಾನಿನ ಸದ್ದು ಕೂಡ ಇಲ್ಲ.

“ಹೇಳಿದೆ ನೋಡ್ರಿ. ಏನೂ ಆಗಲಿಲ್ಲ.” ನಗು. ಬಹಳ ಹೊತ್ತಿನ ನಗು, ಕೆಮ್ಮು ಬರುವ ತನಕ. “ಮನಿಗೆ ಹೋಗಿ ಅಕಿ ಮುಂದೂ ಒಮ್ಮೆ ಹೇಳಿ ನೋಡಬೇಕು. ಕಡೀಕ ಏನಾತು ನಿಮಗ ತಿಳಸ್ತೀನಿ.”

ಬಾಗಿಲಿಗೆ ಮೂರು ಸಲ ಬಡಿದದ್ದು ಯಾಕೆ ಎಂದು ಆಗ ತಿಳಿಯಿತು.

ಅದನ್ನು ನಾನು ಆಗಾಗ ಕೇಳುತ್ತೇನೆ. ಬಿಳಿ ಬಣ್ಣದ ಅರ್ಧ ಮಾಳಿಗೆಯ ಕೆಳಗೆ ಕೂತು ಕೇಳುತ್ತೇನೆ. ಆ ಕಡೆ ನಿಜವಾಗಿಯೂ ತಂಪು. ಅವರ ದನಿ ಇದೆ. ಅವರ ನಗು ಇದೆ. ನನ್ನ ಹೆಸರಿಲ್ಲ.